ಇಂಟರ್ನಲ್‌ನಲ್ಲಿ 20ಕ್ಕೆ 5 ಬಂದಿದೆ, ಪ್ರೋಗ್ರಾಮಿಂಗ್ ಬಿಟ್ಟುಬಿಡಲಾ ಮೇಡಂ?

ಪ್ರಶ್ನೆ: ನಮಸ್ತೆ ಮೇಡಂ. ನಾನು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯವಳು. ಹತ್ತನೇ ಕ್ಲಾಸಿನವರೆಗೆ ಸರ್ಕಾರಿ ಶಾಲೆ, ಕನ್ನಡ ಮೀಡಿಯಂ. ಪಿಯುಸಿಯಲ್ಲಿ ಕಾಮರ್ಸ್, 84 ಪರ್ಸೆಂಟ್ ಬಂದಿತ್ತು. ಈ ವರ್ಷ ಮೈಸೂರಿನ ಕಾಲೇಜೊಂದರಲ್ಲಿ ಬಿಸಿಎ ಸೇರಿದ್ದೇನೆ. ದಿನಾ ಟ್ರೈನಲ್ಲಿ ಓಡಾಡುತ್ತೇನೆ. ಸಿ ಪ್ರೋಗ್ರಾಮಿಂಗ್ ಮೊದಲ ಎರಡು ವಾರ ಅರ್ಥವಾಯಿತು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್ ಶುರುವಾದ ಮೇಲೆ ತಲೆಗೆ ಹೋಗುತ್ತಿಲ್ಲ. ಸರ್ ಬೋರ್ಡ್ ಮೇಲೆ ಬರೆಯುವಾಗ ಎಲ್ಲಾ ಅರ್ಥವಾದ ಹಾಗೆ ಇರುತ್ತದೆ. ನಾನೇ ಬರೆಯಲು ಕೂತರೆ ಒಂದು ಸಾಲೂ ಬರುವುದಿಲ್ಲ. ಲ್ಯಾಬ್ ಪ್ರೋಗ್ರಾಂಗಳನ್ನೆಲ್ಲ ಬೈಹಾರ್ಟ್ ಮಾಡಿದ್ದೆ. ಇಂಟರ್ನಲ್‌ನಲ್ಲಿ ಸ್ವಲ್ಪ ಬದಲಾಯಿಸಿ ಕೇಳಿದರು, 20ಕ್ಕೆ 5 ಬಂತು. ಪಕ್ಕದಲ್ಲಿ ಕೂರುವವರು ಸಿಬಿಎಸ್‌ಇ ಓದಿ ಬಂದವರು, ಹತ್ತು ನಿಮಿಷಕ್ಕೆ ಮುಗಿಸಿಬಿಡುತ್ತಾರೆ. ನನ್ನ ಹತ್ತಿರ ಲ್ಯಾಪ್‌ಟಾಪ್ ಇಲ್ಲ. ಕಬ್ಬಿನ ದುಡ್ಡು ಬಂದಮೇಲೆ ಕೊಡಿಸ್ತೀನಿ ಅಂತ ಅಪ್ಪ ಹೇಳಿದ್ದಾರೆ. ಒಬ್ಬ ಸೀನಿಯರ್ 'ಇದು ಕೆಲವರಿಗೆ ಹುಟ್ಟಿನಿಂದಲೇ ಬರುತ್ತೆ, ಬರದಿದ್ದವರಿಗೆ ಏನು ಮಾಡಿದರೂ ಬರಲ್ಲ' ಅಂದರು. ಇನ್ನೊಬ್ಬರು 'ಚಾಟ್‌ಜಿಪಿಟಿ ಬರೆದುಕೊಡುತ್ತೆ, ಸುಮ್ನೆ ಯಾಕೆ ಕಷ್ಟಪಡ್ತೀಯ' ಅಂದರು. ಟ್ಯೂಷನ್‌ಗೆ ಸೇರಲಾ? ಬಿಕಾಂಗೆ ಬದಲಾಯಿಸಿಕೊಳ್ಳಲಾ? ಲ್ಯಾಬಲ್ಲಿ ಎದ್ದು ಕೇಳಲು ತುಂಬ ನಾಚಿಕೆ ಆಗುತ್ತದೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಟ್ಯೂಷನ್, ಬಿಕಾಂ, ಲ್ಯಾಪ್‌ಟಾಪ್ ಅಂತ ಹಲವು ವಿಷಯ ಕೇಳಿದ್ದೀರಿ. ಆದರೆ ಅದೆಲ್ಲದರ ಕೆಳಗೆ ಇರುವ ಭಯ ಒಂದೇ. ಇದಕ್ಕೆ ಬೇಕಾದ ತಲೆ ನನಗಿಲ್ಲವೇನೋ ಅನ್ನುವ ಭಯ. ಮೊದಲು ಅದಕ್ಕೇ ಉತ್ತರ ಹೇಳುತ್ತೇನೆ.

ನಾನು ಮೈಸೂರಿನಲ್ಲಿ 22 ವರ್ಷದಿಂದ ಮೊದಲ ಸೆಮಿಸ್ಟರ್‌ನವರಿಗೆ ಸಿ ಪಾಠ ಮಾಡುತ್ತಿದ್ದೇನೆ. ಎರಡು ವಾರ ಚೆನ್ನಾಗಿತ್ತು, ಲೂಪ್ ಬಂದಮೇಲೆ ಕೈತಪ್ಪಿತು ಅನ್ನುವ ಮಾತನ್ನು ಪ್ರತಿ ವರ್ಷ ಕೇಳುತ್ತೇನೆ. ಮಳವಳ್ಳಿಯಿಂದ ಬಂದ ಹುಡುಗಿಯ ಬಾಯಲ್ಲೂ ಕೇಳಿದ್ದೇನೆ, ಬೆಂಗಳೂರಿನ ದೊಡ್ಡ ಶಾಲೆಯಲ್ಲಿ ಓದಿ ಬಂದ ಹುಡುಗನ ಬಾಯಲ್ಲೂ ಕೇಳಿದ್ದೇನೆ. ನಿಮ್ಮ ಕಷ್ಟ ನಿಜ. ಆದರೆ ಅದಕ್ಕೆ ನೀವು ಕೊಟ್ಟುಕೊಂಡಿರುವ ಕಾರಣ ತಪ್ಪು.

ನಿಮ್ಮ ಸೀನಿಯರ್ ಹೇಳಿದ ಮಾತು ಅವರೊಬ್ಬರದ್ದೇ ಅಲ್ಲ. 2006ರಲ್ಲಿ ಇಂಗ್ಲೆಂಡಿನ ಮಿಡ್ಲ್‌ಸೆಕ್ಸ್ ವಿಶ್ವವಿದ್ಯಾಲಯದ ಸಯೀದ್ ದೆಹ್ನಾದಿ ಮತ್ತು ರಿಚರ್ಡ್ ಬೋರ್ನಾಟ್ ಅನ್ನುವ ಇಬ್ಬರು ಒಂದು ಬರಹವನ್ನು ಹಂಚಿದರು. ಪ್ರೋಗ್ರಾಮಿಂಗ್ ಬರುವವರು, ಬರದವರು ಅಂತ ಜನ ಎರಡು ಗುಂಪಾಗಿ ಇರುತ್ತಾರೆ, ಪಾಠ ಶುರುವಾಗುವ ಮೊದಲೇ ಒಂದು ಸಣ್ಣ ಪರೀಕ್ಷೆ ಕೊಟ್ಟು ಇಬ್ಬರನ್ನೂ ಬೇರೆ ಮಾಡಬಹುದು ಅಂತ ಅದರಲ್ಲಿತ್ತು. ಪ್ರಪಂಚದ ಎಷ್ಟೋ ಮೇಷ್ಟ್ರುಗಳು ಅದನ್ನು ನಂಬಿದರು. ಆಗ ನಾನೂ ಸ್ವಲ್ಪ ನಂಬಿದ್ದೆ, ಅದಕ್ಕೆ ಇವತ್ತಿಗೂ ಬೇಜಾರಿದೆ. 2014ರಲ್ಲಿ ಬೋರ್ನಾಟ್ ಅವರೇ ಆ ಬರಹವನ್ನು ವಾಪಸ್ ತೆಗೆದುಕೊಂಡರು. ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಅಂತ ಮೊದಲೇ ಹೇಳುವ ಪರೀಕ್ಷೆ ತಮ್ಮ ಕೈಯಲ್ಲಿ ಇರಲಿಲ್ಲ ಅಂತ ಒಪ್ಪಿಕೊಂಡರು. ಆದರೆ ಆ ಸುದ್ದಿ ಮೊದಲಿನದರಷ್ಟು ದೂರ ಹೋಗಲಿಲ್ಲ. ನಿಮ್ಮ ಸೀನಿಯರ್ ಕಿವಿಗೂ ಬಿದ್ದಿಲ್ಲ.

ಇನ್ನೊಂದು ವಿಷಯ. ಈ ಕೋರ್ಸ್ ಎಲ್ಲಾ ಕಡೆ ಕಷ್ಟವೇ. 15 ದೇಶಗಳ 161 ಆರಂಭಿಕ ಪ್ರೋಗ್ರಾಮಿಂಗ್ ಕೋರ್ಸ್‌ಗಳನ್ನು ಒಟ್ಟಿಗೆ ಇಟ್ಟು ನೋಡಿದ ಅಧ್ಯಯನವೊಂದು 2014ರಲ್ಲಿ ಬಂತು. ಪಾಸಾದವರು ಸರಾಸರಿ 67.7 ಪರ್ಸೆಂಟ್. ಅಂದರೆ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ಎಡವುತ್ತಾರೆ. ಯಾವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕಲಿಸಿದರೂ ಈ ಲೆಕ್ಕ ಅಷ್ಟೇನೂ ಬದಲಾಗಿರಲಿಲ್ಲ. ಸಿ ಬದಲು ಪೈಥಾನ್ ಇದ್ದಿದ್ದರೆ ನಾನು ಪಾಸಾಗುತ್ತಿದ್ದೆ ಅಂತ ಎಷ್ಟೋ ಮಕ್ಕಳು ಕೊರಗುತ್ತಾರೆ, ಅದಕ್ಕೇ ಇದನ್ನು ಹೇಳಿದೆ.

ಇಂಗ್ಲಿಷ್ ವಿಷಯ. ನೀವು ನೇರವಾಗಿ ಕೇಳಿಲ್ಲ. ಆದರೆ ಕನ್ನಡ ಮೀಡಿಯಂ ಅಂತ ಪತ್ರದ ಶುರುವಿನಲ್ಲೇ ಬರೆದಿದ್ದೀರಿ, ಅಂದಮೇಲೆ ಮನಸ್ಸಿನಲ್ಲಿದೆ. 1989ರಲ್ಲಿ ಗಟ್ಟಿಯಾದ ಸಿ ಭಾಷೆಯ ನಿಯಮದಲ್ಲಿ ಇರುವ ಮೀಸಲು ಪದಗಳು, ಅಂದರೆ ಕೀವರ್ಡ್‌ಗಳು ಒಟ್ಟು 32. ಮೊದಲ ಸೆಮಿಸ್ಟರ್‌ನಲ್ಲಿ ಅದರಲ್ಲಿ ಅರ್ಧವನ್ನೂ ಬಳಸುವುದಿಲ್ಲ. ಇಫ್, ಎಲ್ಸ್, ಫಾರ್, ವೈಲ್, ರಿಟರ್ನ್, ಇಂಟ್, ಫ್ಲೋಟ್, ಹೀಗೆ. ಇಷ್ಟು ಪದ ನಿಮಗೆ ಈಗಲೇ ಗೊತ್ತು. ಕಷ್ಟ ಆಗುವುದು ಪಠ್ಯಪುಸ್ತಕದ ಇಂಗ್ಲಿಷ್ ಮತ್ತು ಪರೀಕ್ಷೆಯಲ್ಲಿ ಥಿಯರಿ ಬರೆಯುವ ಇಂಗ್ಲಿಷ್. ಅದು ಬೇರೆ ಸಮಸ್ಯೆ, ನಿಧಾನಕ್ಕೆ ಸರಿಹೋಗುತ್ತದೆ. ಅದನ್ನು ಪ್ರೋಗ್ರಾಮಿಂಗ್ ಜೊತೆ ಕಲಸಬೇಡಿ. ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್ ಅನ್ನುವ ಯೋಜನೆಯಲ್ಲಿ ಸಿ ಭಾಷೆಯ ಪಾಠಗಳು ಕನ್ನಡದ ದನಿಯಲ್ಲೂ ಇವೆ, ದುಡ್ಡು ಕೊಡಬೇಕಿಲ್ಲ. ಒಂದೊಂದು ಪಾಠ ಚಿಕ್ಕದು. ಕ್ಲಾಸಿನಲ್ಲಿ ತಪ್ಪಿಹೋದದ್ದನ್ನು ಅದರಲ್ಲಿ ಕೇಳಿಸಿಕೊಳ್ಳಿ.

ಗಣಿತಕ್ಕೂ ಅಷ್ಟೇ. ಕೂಡು, ಕಳೆ, ಭಾಗಿಸು, ಶೇಷ ತೆಗೆ. ಈ ಸೆಮಿಸ್ಟರ್‌ಗೆ ಏಳನೇ ಕ್ಲಾಸಿನ ಗಣಿತ ಸಾಕು.

ಪಕ್ಕದಲ್ಲಿ ಹತ್ತು ನಿಮಿಷಕ್ಕೆ ಮುಗಿಸುವವರು ಪಿಯುಸಿ ಹೊತ್ತಿಗೇ ಕಂಪ್ಯೂಟರ್ ಸೈನ್ಸ್ ಓದಿರುತ್ತಾರೆ. ನೀವು ಎಂಟನೇ ವಾರದಲ್ಲಿದ್ದೀರಿ, ಅವರು ಮೂರನೇ ವರ್ಷದಲ್ಲಿದ್ದಾರೆ. ಅವರ ವೇಗ ನೋಡಿ ನಿಮ್ಮ ಬುದ್ಧಿಯನ್ನು ಅಳೆಯುವುದು ನಿಮಗೆ ನೀವೇ ಮಾಡಿಕೊಳ್ಳುವ ಅನ್ಯಾಯ.

ಹಾಗಾದರೆ ಸಮಸ್ಯೆ ಎಲ್ಲಿದೆ? ನೀವೇ ಬರೆದಿದ್ದೀರಿ. ನೋಡಿದರೆ ಅರ್ಥವಾಗುತ್ತದೆ, ಬರೆಯಲು ಬರುವುದಿಲ್ಲ. ಈ ಎರಡರ ನಡುವೆ ಇನ್ನೊಂದು ಕೆಲಸ ಇದೆ. ಅದನ್ನು ಟ್ರೇಸ್ ಮಾಡುವುದು ಅನ್ನುತ್ತೇವೆ. ಪ್ರೋಗ್ರಾಂನ ಒಂದೊಂದೇ ಸಾಲನ್ನು ಕಂಪ್ಯೂಟರ್ ಹೇಗೆ ನಡೆಸುತ್ತದೋ ಹಾಗೆಯೇ ಪೆನ್ಸಿಲ್ ಹಿಡಿದು ಕಾಗದದ ಮೇಲೆ ನಡೆಸಿ ನೋಡುವುದು. ಕಾಲೇಜುಗಳಲ್ಲಿ ಸಿಲಬಸ್ ಓಡುತ್ತಿರುತ್ತದೆ. ಈ ಮೆಟ್ಟಿಲನ್ನು ಒಂದು ಕ್ಲಾಸಿನಲ್ಲಿ ತೋರಿಸಿ ಮುಂದೆ ಹೋಗಿಬಿಡುತ್ತೇವೆ. ಇದರಲ್ಲಿ ನಮ್ಮ ತಪ್ಪೂ ಇದೆ. ಟ್ರೇಸ್ ಮಾಡಲು ಬಾರದೆ ಬರೆಯಲು ಹೋಗುವುದು, ಅಕ್ಷರ ಕೂಡಿಸಿ ಓದಲು ಬಾರದೆ ಪತ್ರ ಬರೆಯಲು ಕೂತ ಹಾಗೆ.

ದೆಹ್ನಾದಿ ಅವರ ಪರೀಕ್ಷೆಯ ಒಂದು ಪ್ರಶ್ನೆ ಮಾತ್ರ ನನಗೆ ತುಂಬ ಉಪಯೋಗಕ್ಕೆ ಬಂದಿದೆ. ಈಗ ನೀವೂ ಮಾಡಿ ನೋಡಿ. ಮೂರು ಸಾಲು:

ಎ = 10;
ಬಿ = 20;
ಎ = ಬಿ;

ಕೊನೆಗೆ ಎ ಎಷ್ಟು, ಬಿ ಎಷ್ಟು? ಮುಂದೆ ಓದುವ ಮೊದಲು ಉತ್ತರ ಬರೆದಿಟ್ಟುಕೊಳ್ಳಿ.

ನನ್ನ ಕ್ಲಾಸಿನಲ್ಲಿ ಪ್ರತಿ ವರ್ಷ ಇದಕ್ಕೆ ನಾಲ್ಕೈದು ಥರದ ಉತ್ತರ ಬರುತ್ತದೆ. ಎ 20, ಬಿ 10 ಅಂತ ಕೆಲವರು, ಎರಡೂ ಅದಲುಬದಲಾಯಿತು ಅಂದುಕೊಂಡು. ಎ 20, ಬಿ 0 ಅಂತ ಕೆಲವರು, ಬಿ ಒಳಗಿದ್ದದ್ದು ಎಗೆ ಹೋಯಿತು, ಬಿ ಖಾಲಿ ಅಂದುಕೊಂಡು. ಎ 30 ಅನ್ನುವವರೂ ಇದ್ದಾರೆ. ಎರಡೂ 10 ಅನ್ನುವವರೂ ಇದ್ದಾರೆ. 10 ಹೇಗೆ 20ಕ್ಕೆ ಸಮ ಆಗುತ್ತೆ, ಈ ಸಾಲೇ ತಪ್ಪು ಅಂತ ಒಬ್ಬ ಹುಡುಗ ನನ್ನ ಜೊತೆ ವಾದ ಮಾಡಿದ್ದ. ಸರಿ ಉತ್ತರ, ಎರಡೂ 20.

ಈ ತಪ್ಪು ಉತ್ತರಗಳಲ್ಲಿ ಯಾವುದೂ ದಡ್ಡತನದ್ದಲ್ಲ. ಒಂದೊಂದಕ್ಕೂ ಕಾರಣ ಇದೆ. ಎ, ಬಿ ಥರದ ವೇರಿಯಬಲ್ ಅಂದರೆ ಒಂದು ಡಬ್ಬಿ ಇದ್ದ ಹಾಗೆ ಅಂತ ನಾವು ಹೇಳಿಕೊಡುತ್ತೇವೆ. ಡಬ್ಬಿಯಿಂದ ಡಬ್ಬಿಗೆ ಸುರಿದರೆ ಮೊದಲನೆಯದು ಖಾಲಿ ಆಗಲೇಬೇಕು ಅಲ್ವಾ? ಮಗು ಸರಿಯಾಗಿಯೇ ಯೋಚಿಸಿದೆ, ನಾವು ಕೊಟ್ಟ ಹೋಲಿಕೆ ತಪ್ಪು. ಅದಕ್ಕೇ ನಾನು ಈಗ ಡಬ್ಬಿ ಅನ್ನುವುದನ್ನು ಬಿಟ್ಟು ಸ್ಲೇಟು ಅನ್ನುತ್ತೇನೆ. ಪ್ರತಿ ವೇರಿಯಬಲ್ ಒಂದು ಸಣ್ಣ ಸ್ಲೇಟು. ಎ = ಬಿ ಅಂದರೆ, ಬಿ ಸ್ಲೇಟನ್ನು ನೋಡು, ಎ ಸ್ಲೇಟನ್ನು ಒರೆಸು, ನೋಡಿದ್ದನ್ನು ಅಲ್ಲಿ ಬರೆ. ಬಿ ಹಾಗೇ ಇರುತ್ತದೆ. ಎ ಮೇಲಿದ್ದ ಹಳೆಯ 10 ಹೋಯಿತು, ಮತ್ತೆ ಸಿಗುವುದಿಲ್ಲ. ಎರಡು ಸಂಖ್ಯೆಗಳನ್ನು ಅದಲುಬದಲು ಮಾಡಲು ಮೂರನೇ ವೇರಿಯಬಲ್ ಯಾಕೆ ಬೇಕು ಅನ್ನುವುದು ಈಗ ಹೊಳೆಯಿತಲ್ಲ? ಒರೆಸುವ ಮೊದಲು ಹಳೆಯದನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಬೇಕು, ಅಷ್ಟೇ.

ನಿಮ್ಮ ಉತ್ತರ ತಪ್ಪಾಗಿದ್ದರೆ ಗಾಬರಿ ಬೇಡ. ಬದಲಿಗೆ, ಲೂಪ್ ಯಾಕೆ ಅರ್ಥವಾಗಲಿಲ್ಲ ಅನ್ನುವುದಕ್ಕೆ ಕಾರಣ ಸಿಕ್ಕಿತು. ಮೊದಲ ಎರಡು ವಾರದ ಪ್ರೋಗ್ರಾಂಗಳು ಮೇಲಿಂದ ಕೆಳಗೆ ಒಂದೇ ಸಲ ಓಡುತ್ತವೆ. ಅಲ್ಲಿ = ಗುರುತನ್ನು ತಪ್ಪು ತಿಳಿದಿದ್ದರೂ ಉತ್ತರ ಸರಿ ಬಂದುಬಿಡುತ್ತದೆ. ಲೂಪ್‌ನಲ್ಲಿ ಅದೇ ಸ್ಲೇಟನ್ನು ಹತ್ತು ಸಲ ಒರೆಸಿ ಬರೆಯುತ್ತಾರೆ. ಆಗ ತಪ್ಪು ತಿಳುವಳಿಕೆ ಹೊರಗೆ ಬರುತ್ತದೆ. ಈ ಕೋರ್ಸಿನಲ್ಲಿ ಪ್ರತಿ ಪಾಠವೂ ಹಿಂದಿನ ಪಾಠದ ಮೇಲೆ ನಿಂತಿರುತ್ತದೆ. ಅಕೌಂಟೆನ್ಸಿಯಲ್ಲೂ ಹಾಗೇ ಇತ್ತು, ನೆನಪಿದೆಯಾ? ಡೆಬಿಟ್ ಕ್ರೆಡಿಟ್ ತಿಳಿಯದೆ ಫೈನಲ್ ಅಕೌಂಟ್ಸ್ ಮಾಡಲು ಆಗುತ್ತಿರಲಿಲ್ಲ. ಎಂಟನೇ ವಾರದ ಪಾಠವನ್ನು ಮತ್ತೆ ಮತ್ತೆ ಓದಿದರೆ ಇದು ಸರಿಹೋಗುವುದಿಲ್ಲ. ಎರಡನೇ ವಾರಕ್ಕೆ ವಾಪಸ್ ಹೋಗಬೇಕು.

ಈಗ ಒಂದು ಲೂಪ್ ಮಾಡೋಣ. ನಿಮ್ಮ ಮನೆಯಲ್ಲಿ ಹಸು ಇರಬಹುದು, ಇಲ್ಲದಿದ್ದರೂ ಊರಿನ ಡೈರಿ ನೋಡಿರುತ್ತೀರಿ. ದಿನಾ ಹಾಕಿದ ಹಾಲನ್ನು ಪುಸ್ತಕದಲ್ಲಿ ಬರೆಯುತ್ತಾರೆ, ಬಟವಾಡೆ ದಿನ ಒಟ್ಟು ಮಾಡುತ್ತಾರೆ. ಲೆಕ್ಕ ಸುಲಭ ಆಗಲಿ ಅಂತ, ಮೊದಲ ದಿನ 1 ಲೀಟರ್, ಎರಡನೇ ದಿನ 2, ಹೀಗೆ ನಾಲ್ಕು ದಿನ ಅಂದುಕೊಳ್ಳಿ. ಕಾಗದದ ಮೇಲೆ ಕನ್ನಡದಲ್ಲೇ ಬರೆಯಿರಿ:

ಮೊತ್ತ = 0;
ದಿನ = 1;
ದಿನ <= 4 ಇರುವವರೆಗೆ ಈ ಎರಡು ಸಾಲು ಮಾಡು:
ಮೊತ್ತ = ಮೊತ್ತ + ದಿನ;
ದಿನ = ದಿನ + 1;

ಪಕ್ಕದಲ್ಲಿ ಎರಡು ಕಾಲಂ ಎಳೆಯಿರಿ. ಒಂದಕ್ಕೆ ದಿನ, ಇನ್ನೊಂದಕ್ಕೆ ಮೊತ್ತ ಅಂತ ಹೆಸರು. ಒಂದೊಂದು ಸಾಲು ನಡೆದ ಹಾಗೂ ಹಳೆಯದನ್ನು ಗೀಟು ಹಾಕಿ ಹೊಸದನ್ನು ಕೆಳಗೆ ಬರೆಯಿರಿ. ಮೊತ್ತದ ಕಾಲಂನಲ್ಲಿ 0, 1, 3, 6, 10 ಬರುತ್ತದೆ. ಕ್ಯಾಷ್ ಬುಕ್‌ನಲ್ಲಿ ಬ್ಯಾಲೆನ್ಸ್ ಎಳೆದುಕೊಂಡು ಬಂದ ಹಾಗೆಯೇ ಇದೆ ಅಲ್ವಾ? ಗಣಿತದಲ್ಲಿ ಮೊತ್ತ = ಮೊತ್ತ + ದಿನ ಅಂತ ಬರೆದರೆ ತಪ್ಪು. ಇಲ್ಲಿ ಅದರ ಅರ್ಥ, ನಿನ್ನೆಯವರೆಗಿನ ಮೊತ್ತ ನೋಡು, ಇವತ್ತಿನದನ್ನು ಸೇರಿಸು, ಒರೆಸಿ ಬರೆ. ಲೂಪ್ ಮುಗಿದಾಗ ದಿನ ಎಷ್ಟು? ಜಾಸ್ತಿ ಜನ 4 ಅನ್ನುತ್ತಾರೆ. 5 ಆಗಿರುತ್ತದೆ. 5 ಆದದ್ದಕ್ಕೇ ಲೂಪ್ ನಿಂತದ್ದು.

ಇಷ್ಟಕ್ಕೇ ಬಿಡಬೇಡಿ. ನಿಜವಾದ ಕಲಿಕೆ ಇಲ್ಲಿಂದ ಮುಂದೆ. ಪ್ರತಿ ಸಲವೂ ಮೇಲಿನ ಪ್ರೋಗ್ರಾಂಗೇ ವಾಪಸ್ ಬಂದು ಒಂದೊಂದೇ ಬದಲಾವಣೆ ಮಾಡಿ. ಒಳಗಿನ ಎರಡು ಸಾಲುಗಳನ್ನು ಹಿಂದುಮುಂದು ಮಾಡಿ, ಮೊದಲು ದಿನ ಹೆಚ್ಚಿಸಿ ಆಮೇಲೆ ಕೂಡಿಸಿ. ಮತ್ತೆ ಟ್ರೇಸ್ ಮಾಡಿ. 14 ಬರುತ್ತದೆ. ಯಾಕೆ? <= ತೆಗೆದು ಬರೀ < ಇಡಿ. 6 ಬರುತ್ತದೆ. ಕೊನೆಯ ಸಾಲನ್ನೇ ಅಳಿಸಿ. ದಿನ ಯಾವತ್ತೂ 1 ಆಗಿಯೇ ಉಳಿಯುತ್ತದೆ, ಲೂಪ್ ನಿಲ್ಲುವುದೇ ಇಲ್ಲ. ಈಗ ಮೊತ್ತ = 0 ಅನ್ನುವ ಸಾಲನ್ನು ಲೂಪಿನ ಒಳಗೆ ಮೊದಲನೇ ಸಾಲಾಗಿ ತನ್ನಿ. ಉತ್ತರ ಬರೀ 4. ಪ್ರತಿ ದಿನ ಬೆಳಿಗ್ಗೆ ಡೈರಿಯವರು ಹಳೆ ಪುಸ್ತಕ ಬಿಸಾಕಿ ಹೊಸದು ತೆಗೆದ ಹಾಗೆ, ಕೊನೆಯ ದಿನದ ಹಾಲು ಮಾತ್ರ ಉಳಿಯಿತು. ಇಂಟರ್ನಲ್‌ನಲ್ಲಿ 'ಸ್ವಲ್ಪ ಬದಲಾಯಿಸಿ' ಕೇಳಿದ್ದು ಇಂಥದ್ದನ್ನೇ. ಬೈಹಾರ್ಟ್ ಮಾಡಿದವರಿಗೆ ಒಂದು ಸಾಲು ಆಚೀಚೆ ಆದರೆ ಇಡೀ ಪ್ರೋಗ್ರಾಂ ಕೈಬಿಡುತ್ತದೆ. ಟ್ರೇಸ್ ಮಾಡಿದವರಿಗೆ ಆ ಸಾಲು ಏನು ಮಾಡುತ್ತಿದೆ ಅಂತ ಗೊತ್ತಿರುತ್ತದೆ.

ಇದಕ್ಕೆ ಕಂಪ್ಯೂಟರ್ ಬೇಡ ಅನ್ನುವುದನ್ನು ಗಮನಿಸಿ. ಪಾಂಡವಪುರದಲ್ಲಿ ಟ್ರೈನ್ ಹತ್ತಿದರೆ ಶ್ರೀರಂಗಪಟ್ಟಣ, ನಾಗನಹಳ್ಳಿ ದಾಟಿ ಮೈಸೂರು ಬರುವಷ್ಟರಲ್ಲಿ ಎರಡು ಸಣ್ಣ ಪ್ರೋಗ್ರಾಂ ಟ್ರೇಸ್ ಮಾಡಬಹುದು. ಸೀಟು ಸಿಗದಿದ್ದರೆ ಸಂಜೆ ವಾಪಸ್ ಬರುವಾಗ ಮಾಡಿ. ನನ್ನ ವಿದ್ಯಾರ್ಥಿನಿ ಒಬ್ಬಳು ಮಂಡ್ಯದಿಂದ ಓಡಾಡುತ್ತಿದ್ದಳು. ಅವಳ ಟ್ರೇಸ್ ನೋಟ್‌ಬುಕ್ಕು ರೈಲಿನ ಅಲುಗಾಟಕ್ಕೆ ಸೊಟ್ಟ ಸೊಟ್ಟ ಅಕ್ಷರ ತುಂಬಿಕೊಂಡಿತ್ತು. ಆ ಪುಸ್ತಕವನ್ನು ನಾನು ಈಗಲೂ ಹೊಸ ಬ್ಯಾಚಿನವರಿಗೆ ತೋರಿಸುತ್ತೇನೆ. ಅವಳೇ ಕೊಟ್ಟುಹೋದದ್ದು.

ಲೂಪಿನ ಒಳಗೆ ಇನ್ನೊಂದು ಲೂಪ್ ಬಂದಾಗ ಮತ್ತೊಂದು ಏಟು ಬೀಳುತ್ತದೆ. ನಕ್ಷತ್ರದ ಪಿರಮಿಡ್ ಪ್ರಿಂಟ್ ಮಾಡುವ ಪ್ರೋಗ್ರಾಂ ನಿಮ್ಮ ಲ್ಯಾಬ್ ಲಿಸ್ಟಿನಲ್ಲೂ ಇರಬಹುದು. ಅದು ಬಂದಾಗ ಚುಕ್ಕಿ ರಂಗೋಲಿ ನೆನೆಸಿಕೊಳ್ಳಿ. ಏಳು ಚುಕ್ಕಿಯ ಸಾಲು, ಅದರ ಮೇಲೆ ನಡುನಡುವೆ ಬರುವಂತೆ ಆರು, ಆಮೇಲೆ ಐದು, ಒಂದಕ್ಕೆ ಬರುವವರೆಗೆ. ಎಷ್ಟನೇ ಸಾಲು ಅನ್ನುವುದು ಹೊರಗಿನ ಲೂಪ್. ಆ ಸಾಲಿನಲ್ಲಿ ಎಷ್ಟು ಚುಕ್ಕಿ ಅನ್ನುವುದು ಒಳಗಿನ ಲೂಪ್. ಚುಕ್ಕಿ ಶುರು ಮಾಡುವ ಮೊದಲು ಎಷ್ಟು ಜಾಗ ಬಿಡಬೇಕು ಅನ್ನುವುದು ಇನ್ನೊಂದು ಒಳಗಿನ ಲೂಪ್. ಸಾಲಿನ ನಂಬರ್‌ಗೂ ಚುಕ್ಕಿಯ ಎಣಿಕೆಗೂ ಏನು ಸಂಬಂಧ ಅಂತ ಒಂದು ಪಟ್ಟಿ ಬರೆದುಕೊಳ್ಳಿ. ಮೊದಲನೇ ಸಾಲಿಗೆ 7, ಎರಡನೆಯದಕ್ಕೆ 6. ಸಾಲಿನ ನಂಬರನ್ನೂ ಚುಕ್ಕಿಯ ಎಣಿಕೆಯನ್ನೂ ಕೂಡಿದರೆ ಯಾವಾಗಲೂ 8. ಆದ್ದರಿಂದ ಚುಕ್ಕಿ = 8 - ಸಾಲು. ನೀವು ಬಾಗಿಲ ಮುಂದೆ ಕೈಯಲ್ಲಿ ಮಾಡುತ್ತಿದ್ದ ಲೆಕ್ಕ ಇದೇ.

ಲ್ಯಾಬಿನಲ್ಲಿ ಎರರ್ ಬಂದ ತಕ್ಷಣ ಮಕ್ಕಳು ಕೈ ಕಟ್ಟಿ ಕೂತುಬಿಡುತ್ತಾರೆ. ಅಲ್ಲಿ ಎರಡು ಮಾತು ನೆನಪಿಡಿ. ಇಪ್ಪತ್ತು ಎರರ್ ತೋರಿಸಿದರೂ ಮೊದಲನೆಯದನ್ನು ಮಾತ್ರ ಸರಿಮಾಡಿ, ಮತ್ತೆ ಕಂಪೈಲ್ ಮಾಡಿ, ಅಂದರೆ ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ತಿರುಗಿಸಿ. ಎಷ್ಟೋ ಸಲ ಉಳಿದವು ಮೊದಲನೆಯದರಿಂದಲೇ ಹುಟ್ಟಿದವು, ತಾವಾಗಿ ಹೋಗುತ್ತವೆ. ಇನ್ನೊಂದು, ಅದು ಹೇಳಿದ ಸಾಲಿನಲ್ಲಿ ತಪ್ಪು ಕಾಣದಿದ್ದರೆ ಅದರ ಹಿಂದಿನ ಸಾಲು ನೋಡಿ. ಅಲ್ಲಿ ಸೆಮಿಕೋಲನ್ ಬಿಟ್ಟಿರುತ್ತೀರಿ. ಎರರ್ ಇಲ್ಲದೆ ತಪ್ಪು ಉತ್ತರ ಬರುವುದು ಇದಕ್ಕಿಂತ ಕಷ್ಟ. ಇಫ್ ಒಳಗೆ, ಎರಡೂ ಸಮವೇ ಅಂತ ಕೇಳುವ == ಬದಲು = ಹಾಕಿರುವುದು. ಫಾರ್ ಸಾಲಿನ ಕೊನೆಗೆ ಕೈತಪ್ಪಿ ಸೆಮಿಕೋಲನ್ ಹಾಕಿರುವುದು. ಎರಡು ಪೂರ್ಣಸಂಖ್ಯೆಗಳನ್ನು ಭಾಗಿಸಿ ದಶಾಂಶ ಬರುತ್ತದೆ ಅಂದುಕೊಂಡಿರುವುದು. ಸಿಯಲ್ಲಿ 5 / 2 ಅಂದರೆ 2, ಎರಡೂವರೆ ಅಲ್ಲ. ಕೀಬೋರ್ಡಿನಿಂದ ಸಂಖ್ಯೆ ಓದಿಕೊಳ್ಳುವ ಸ್ಕ್ಯಾನ್‌ಎಫ್‌ನಲ್ಲಿ ವೇರಿಯಬಲ್ ಹೆಸರಿಗೆ ಮೊದಲು & ಬಿಟ್ಟಿರುವುದು. ನಾನು ಲ್ಯಾಬಿನಲ್ಲಿ ಸುತ್ತುವಾಗ ಕಾಣುವ ತಪ್ಪುಗಳಲ್ಲಿ ಬಹುಪಾಲು ಇಷ್ಟೇ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ದಾಗ ನೀವು ಒಂದೊಂದೇ ಎಂಟ್ರಿ ಹಿಡಿದು ಹುಡುಕುತ್ತಿದ್ದಿರಲ್ಲ, ಆ ತಾಳ್ಮೆ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಸೈನ್ಸ್ ಓದಿ ಬಂದವರಿಗಿಂತ ಈ ವಿಷಯದಲ್ಲಿ ಕಾಮರ್ಸ್ ಮಕ್ಕಳು ಮುಂದೆ ಇರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಲ್ಯಾಪ್‌ಟಾಪ್ ವಿಷಯಕ್ಕೆ ಅಪ್ಪನನ್ನು ಈಗಲೇ ಒತ್ತಾಯಿಸಬೇಡಿ. ಸಾಲ ಮಾಡಿ ತರುವುದಂತೂ ಬೇಡ. ಡೆನಿಸ್ ರಿಚ್ಚಿ ಅಮೆರಿಕದ ಸಂಶೋಧನಾ ಕೇಂದ್ರವಾದ ಬೆಲ್ ಲ್ಯಾಬ್ಸ್‌ನಲ್ಲಿ 1970ರ ದಶಕದ ಶುರುವಿನಲ್ಲಿ ಸಿ ಭಾಷೆಯನ್ನು ಕಟ್ಟಿದಾಗ ಅವರ ಮುಂದಿದ್ದ ಯಂತ್ರದ ಮೆಮೊರಿ, ನಿಮ್ಮ ಫೋನ್ ತೆಗೆಯುವ ಒಂದು ಫೋಟೊ ಹಿಡಿಸುವಷ್ಟೂ ಇರಲಿಲ್ಲ. ಮೊದಲ ಸೆಮಿಸ್ಟರ್ ಪ್ರೋಗ್ರಾಂಗಳು ಫೋನಿನ ಬ್ರೌಸರ್‌ನಲ್ಲೇ ಓಡುತ್ತವೆ. ಆನ್‌ಲೈನ್ ಕಂಪೈಲರ್‌ಗಳು ಬಿಟ್ಟಿಯಾಗಿ ಸಿಗುತ್ತವೆ. ಪೈಥಾನ್ ಟ್ಯೂಟರ್ ಅನ್ನುವ ತಾಣ ಒಂದಿದೆ. ಹೆಸರು ಪೈಥಾನ್ ಆದರೂ ಸಿ ಪ್ರೋಗ್ರಾಂ ಕೂಡ ಹಾಕಬಹುದು. ಒಂದೊಂದು ಸಾಲು ನಡೆದಾಗ ಯಾವ ವೇರಿಯಬಲ್ ಏನಾಯಿತು ಅಂತ ಚಿತ್ರದಲ್ಲಿ ತೋರಿಸುತ್ತದೆ. ಮೊದಲು ಕಾಗದದಲ್ಲಿ ಟ್ರೇಸ್ ಮಾಡಿ, ಆಮೇಲೆ ಅದರಲ್ಲಿ ಸರಿ ನೋಡಿಕೊಳ್ಳಿ. ಹಿಂದುಮುಂದು ಮಾಡಿದರೆ ಮತ್ತೆ ಬೋರ್ಡ್ ನೋಡಿದ ಹಾಗೆಯೇ ಆಗುತ್ತದೆ. ಫೋನಿನಲ್ಲಿ ಟೈಪ್ ಮಾಡುವುದು ಬೇಜಾರು, ನಿಜ. ಅದಕ್ಕೆ ಕಾಲೇಜಿನ ಲ್ಯಾಬ್ ಖಾಲಿ ಇರುವ ಹೊತ್ತು ಕೇಳಿ ಕೂತುಕೊಳ್ಳಿ. ಎರಡನೇ ಸೆಮಿಸ್ಟರ್ ಹೊತ್ತಿಗೆ ಒಂದು ಹಳೆ ಲ್ಯಾಪ್‌ಟಾಪ್ ಆದರೂ ಇದ್ದರೆ ಒಳ್ಳೆಯದು. ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡರೆ 4 ಜಿಬಿ ಮೆಮೊರಿಯದ್ದೇ ಸಾಕು.

ಇನ್ನು ಚಾಟ್‌ಜಿಪಿಟಿ ವಿಷಯ. ಅದು ಬರೆದುಕೊಡುತ್ತದೆ ಅನ್ನುವುದು ನಿಜ. ನಿಮ್ಮ ಲ್ಯಾಬ್ ಲಿಸ್ಟನ್ನು ನಿಮಿಷಗಳಲ್ಲಿ ಮುಗಿಸಿಬಿಡುತ್ತದೆ. ಆದರೆ ಒಂದು ಉದಾಹರಣೆ ನೋಡಿ. ಫ್ಯಾಕ್ಟೋರಿಯಲ್, ಅಂದರೆ 1ರಿಂದ ಕೊಟ್ಟ ಸಂಖ್ಯೆಯವರೆಗೆ ಎಲ್ಲವನ್ನೂ ಗುಣಿಸುವ ಪ್ರೋಗ್ರಾಂ, ಎಲ್ಲಾ ಗೈಡ್‌ಗಳಲ್ಲೂ ಇರುತ್ತದೆ. ಅದನ್ನು ಇಂಟ್ (ಪೂರ್ಣಸಂಖ್ಯೆ ಇಡುವ ವೇರಿಯಬಲ್) ಹಾಕಿ ಬರೆದು 13 ಕೊಡಿ. ಈಗಿನ ಕಂಪ್ಯೂಟರ್‌ನಲ್ಲಿ ಸಾಮಾನ್ಯವಾಗಿ 193,20,53,504 ಅಂತ ಬರುತ್ತದೆ. ಎರರ್ ಇಲ್ಲ, ಏನೂ ಇಲ್ಲ. ಉತ್ತರ ಮಾತ್ರ ತಪ್ಪು. ಸರಿ ಉತ್ತರ 622,70,20,800. ಇಂಟ್ ಒಳಗೆ ಹಿಡಿಸುವ ದೊಡ್ಡ ಸಂಖ್ಯೆ 214,74,83,647, ಅದಕ್ಕಿಂತ ಜಾಸ್ತಿಯಾದದ್ದು ಉಕ್ಕಿ ಹೊರಗೆ ಹೋಯಿತು. ನೀಲಿ ಪರದೆಯ ಹಳೆಯ ಟರ್ಬೊ ಸಿ ಇರುವ ಲ್ಯಾಬ್ ಆದರೆ 8ಕ್ಕೇ ಕೈಕೊಡುತ್ತದೆ. ಅಲ್ಲಿ ಇಂಟ್ 32,767ಕ್ಕೆ ನಿಲ್ಲುತ್ತದೆ, 40,320 ಬರುವ ಕಡೆ -25,216 ಅಂತ ತೋರಿಸುತ್ತದೆ. ಮೈನಸ್ ಬಂದರೆ ಯಾರಿಗಾದರೂ ಅನುಮಾನ ಬರುತ್ತದೆ. 13ರ ತಪ್ಪನ್ನು ಹಿಡಿಯುವವರು ಯಾರು? 1ರಿಂದ 13ರವರೆಗೆ ಗುಣಿಸುವಾಗ ಮಧ್ಯೆ 10 ಬರುತ್ತದೆ, ಅಂದಮೇಲೆ ಕೊನೆಗೆ ಸೊನ್ನೆ ಇರಲೇಬೇಕು, 4 ಹೇಗೆ ಬಂತು ಅಂತ ನಿಂತು ಕೇಳುವವರು. ಕಂಪನಿಗಳಿಗೆ ಇನ್ನು ಮುಂದೆ ಬೇಕಾಗಿರುವುದು ಹಾಗೆ ನಿಂತು ಕೇಳುವವರೇ ಅಂತ ನಾನು ನಂಬಿದ್ದೇನೆ. ಆ ಕಣ್ಣು ಬರೆದು, ಕೆಡಿಸಿ, ಸರಿಮಾಡಿಯೇ ಬರಬೇಕು.

ಹಾಗಂತ ಮುಟ್ಟಲೇಬೇಡಿ ಅನ್ನುವುದಿಲ್ಲ. ಅರ್ಧ ಗಂಟೆ ನೀವೇ ಗುದ್ದಾಡಿದ ಮೇಲೆ, ಈ ಎರರ್ ಅಂದರೆ ಏನು, ಕನ್ನಡದಲ್ಲಿ ಹೇಳು ಅಂತ ಕೇಳಿ. ಈ ಪ್ರೋಗ್ರಾಂ ಬರೆದುಕೊಡು ಅಂತ ಮಾತ್ರ ಈ ಸೆಮಿಸ್ಟರ್ ಮುಗಿಯುವವರೆಗೆ ಕೇಳಬೇಡಿ. ಪರೀಕ್ಷೆ ಹಾಲ್‌ನಲ್ಲಿ ಬ್ಲೂಬುಕ್ ಮುಂದೆ ನೀವೊಬ್ಬರೇ ಇರುತ್ತೀರಿ.

ಟ್ಯೂಷನ್‌ನಿಂದ ಕೆಲವರಿಗೆ ಉಪಕಾರವಾಗಿದೆ. ಆದರೆ ಎಷ್ಟೋ ಕಡೆ ನಡೆಯುವುದು ಲ್ಯಾಬ್ ಪ್ರೋಗ್ರಾಂ ಕಾಪಿ ಮಾಡಿಸಿ ಬೈಹಾರ್ಟ್ ಮಾಡಿಸುವುದೇ. ನಿಮಗೆ ಬಂದಿರುವ ಕಾಯಿಲೆಯೇ ಅದು. ಸರಸ್ವತಿಪುರಂ, ಕುವೆಂಪುನಗರದ ಕಡೆ ಸೇರುವ ಯೋಚನೆ ಇದ್ದರೆ ದುಡ್ಡು ಕಟ್ಟುವ ಮೊದಲು ಒಂದು ಕ್ಲಾಸಿಗೆ ಸುಮ್ನೆ ಕೂತು ನೋಡಿ. ನೋಟ್ಸ್ ಮುಚ್ಚಿಸಿ ನಿಮ್ಮ ಕೈಯಲ್ಲೇ ಬರೆಸುತ್ತಾರಾ, ತಪ್ಪಿದಾಗ ಯಾಕೆ ತಪ್ಪಿತು ಅಂತ ಕೇಳುತ್ತಾರಾ, ಅಷ್ಟನ್ನು ನೋಡಿ. ಇಲ್ಲದಿದ್ದರೆ ಬೇಡ. ಸಂಜೆ ಟ್ರೈನ್ ತಪ್ಪಿ ರಾತ್ರಿ ಮನೆ ಸೇರುವಂತಾದರೆ ಮಿಕ್ಕ ವಿಷಯಗಳೂ ಹಾಳಾಗುತ್ತವೆ. ಅದರ ಬದಲು ಕ್ಲಾಸಿನಲ್ಲಿ ನಿಮ್ಮ ಹಾಗೆಯೇ ಒದ್ದಾಡುತ್ತಿರುವ ಒಬ್ಬಳನ್ನು ಹುಡುಕಿಕೊಳ್ಳಿ, ಖಂಡಿತ ಇರುತ್ತಾಳೆ. ಮಧ್ಯಾಹ್ನ ಊಟವಾದ ಮೇಲೆ ಒಬ್ಬರು ಪ್ರೋಗ್ರಾಂ ಬರೆದು ಇನ್ನೊಬ್ಬರು ಟ್ರೇಸ್ ಮಾಡಿ. ದುಡ್ಡಿಲ್ಲದೆ ಆಗುವ ಟ್ಯೂಷನ್ ಇದು, ನನ್ನ ಪ್ರಕಾರ ಹೆಚ್ಚು ಒಳ್ಳೆಯದು.

ಬೈಹಾರ್ಟ್ ಮಾಡಿಯೇ ಹೇಗೋ ಪಾಸಾಗಿಬಿಡುತ್ತೇನೆ ಅನ್ನುವ ದಾರಿಯೂ ಇದೆ. ಆಗುತ್ತದೆ, ಎಷ್ಟೋ ಜನ ಆಗಿದ್ದಾರೆ. ಆದರೆ ನನಗೆ ಇದೇ ಎಲ್ಲಕ್ಕಿಂತ ಅಪಾಯದ ದಾರಿ. ಮುಂದೆ ಡೇಟಾ ಸ್ಟ್ರಕ್ಚರ್ಸ್ ಬರುತ್ತದೆ. ಅಲ್ಲಿ ಪಾಯಿಂಟರ್, ಲಿಂಕ್ಡ್ ಲಿಸ್ಟ್ ಎಲ್ಲಾ ಈ ಸ್ಲೇಟಿನ ತಿಳುವಳಿಕೆಯ ಮೇಲೆಯೇ ನಿಂತಿದೆ. ಈಗ 20ಕ್ಕೆ 5 ತೆಗೆದುಕೊಂಡು ಎಚ್ಚೆತ್ತ ನೀವು, 14 ತೆಗೆದುಕೊಂಡು ಎಚ್ಚರವಾಗದೆ ಮುಂದೆ ಹೋದವರಿಗಿಂತ ಒಳ್ಳೆಯ ಜಾಗದಲ್ಲಿದ್ದೀರಿ. ಅಕಸ್ಮಾತ್ ಈ ಸಲ ವಿಷಯ ಉಳಿದುಹೋಗಿ ಬ್ಯಾಕ್ ಬಂದರೂ ಮತ್ತೆ ಬರೆಯಬಹುದು. ಮನೆಯವರಿಗೆ ಅದನ್ನು ಮುಚ್ಚಿಡಬೇಡಿ, ಅಷ್ಟೇ.

ಬಿಕಾಂ ಬಗ್ಗೆ. ಅದು ಕಡಿಮೆ ದರ್ಜೆಯ ಓದು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಅಕೌಂಟ್ಸ್ ನಿಮಗೆ ಇಷ್ಟ ಇದ್ದರೆ ಅದರಲ್ಲಿ ಒಳ್ಳೆಯ ಜೀವನ ಇದೆ. ಆದರೆ ಒಂದು ಇಂಟರ್ನಲ್ ಮಾರ್ಕ್ಸ್ ನೋಡಿ, ಹೆದರಿ ಹೋಗಬೇಡಿ. ಹಾಗೆ ಹೋದವರಲ್ಲಿ ಕೆಲವರು ಎರಡು ವರ್ಷ ಆದಮೇಲೂ ಸಿಕ್ಕಾಗ, ಅವತ್ತು ಇನ್ನೂ ಸ್ವಲ್ಪ ನೋಡಬೇಕಿತ್ತು ಮೇಡಂ ಅಂತ ನನ್ನ ಹತ್ತಿರ ಹೇಳಿಕೊಂಡಿದ್ದಾರೆ. ಆರು ವಾರ ಕೊಡಿ. ದಿನಕ್ಕೆ ಎರಡು ಟ್ರೇಸ್, ವಾರಕ್ಕೆ ಮೂರು ಪ್ರೋಗ್ರಾಂ ನೋಟ್ಸ್ ಮುಚ್ಚಿಟ್ಟು ನೀವೇ ಬರೆಯುವುದು. ಆಮೇಲೆ ಮಾರ್ಕ್ಸ್ ನೋಡಬೇಡಿ, ನಿಮ್ಮನ್ನು ನೋಡಿಕೊಳ್ಳಿ. ಒಂದು ಗಂಟೆ ಹುಡುಕಿದ ತಪ್ಪು ಸಿಕ್ಕಿ ಪ್ರೋಗ್ರಾಂ ಓಡಿದಾಗ ಖುಷಿ ಆಗುತ್ತಿದೆಯಾ? ಆಗುತ್ತಿದ್ದರೆ ಇಲ್ಲೇ ಇರಿ, ವೇಗ ಆಮೇಲೆ ಬರುತ್ತದೆ. ಅರ್ಥವಾಗುತ್ತಿದೆ, ಆದರೂ ಏನೂ ಅನ್ನಿಸುತ್ತಿಲ್ಲ, ಇದನ್ನೇ ಜೀವನಪೂರ್ತಿ ಮಾಡಲಾರೆ ಅನ್ನಿಸಿದರೆ ಆಗ ಬದಲಾಯಿಸಿ. ಅದು ಸೋಲಲ್ಲ. ಕೋರ್ಸ್ ಬದಲಾಯಿಸುವುದಕ್ಕೆ ಕೊನೆಯ ದಿನ ಯಾವಾಗ, ಕಟ್ಟಿದ ಫೀಸ್ ಏನಾಗುತ್ತದೆ, ವಿದ್ಯಾರ್ಥಿವೇತನಕ್ಕೆ ತೊಂದರೆ ಆಗುತ್ತದಾ, ಇದನ್ನು ಮಾತ್ರ ಈ ವಾರವೇ ಕಾಲೇಜಿನ ಆಫೀಸಿನಲ್ಲಿ ಕೇಳಿ ಬರೆದುಕೊಳ್ಳಿ. ಒಂದೊಂದು ಕಡೆ ಒಂದೊಂದು ನಿಯಮ. ಆ ತಾರೀಕು ಆರು ವಾರಕ್ಕಿಂತ ಮೊದಲೇ ಇದ್ದರೆ, ಈ ವರ್ಷ ಬಿಸಿಎಯಲ್ಲೇ ಇರುವ ಲೆಕ್ಕ ಹಾಕಿಕೊಳ್ಳಿ ಅನ್ನುವುದು ನನ್ನ ಸಲಹೆ.

ಕೊನೆಗೆ, ಲ್ಯಾಬಲ್ಲಿ ಕೇಳುವ ನಾಚಿಕೆ. 'ಸರ್, ಅರ್ಥ ಆಗಲಿಲ್ಲ' ಅಂತ ಎದ್ದು ನಿಂತರೆ ನಿಜವಾಗಿಯೂ ಮುಜುಗರ ಆಗುತ್ತದೆ. ಮೇಷ್ಟ್ರಿಗೂ ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯುವುದಿಲ್ಲ, ಮತ್ತೆ ಅದನ್ನೇ ಬೋರ್ಡ್ ಮೇಲೆ ಬರೆಯುತ್ತಾರೆ. ನಿಮ್ಮ ಟ್ರೇಸ್ ಕಾಗದ ಕೈಯಲ್ಲಿ ಹಿಡಿದುಕೊಂಡು ಹೋಗಿ ಹೀಗೆ ಕೇಳಿ: 'ಸರ್, ಏಳನೇ ಸಾಲಿನವರೆಗೆ ಸರಿಯಾಗಿ ಬಂತು. ಇಲ್ಲಿ ಐ ಅನ್ನುವ ವೇರಿಯಬಲ್ 3 ಆಗಿರಬೇಕು ಅಂತ ನನ್ನ ಲೆಕ್ಕ, ಕಂಪ್ಯೂಟರ್ 4 ತೋರಿಸ್ತಿದೆ. ಎಲ್ಲಿ ತಪ್ಪಿದೆ ನೋಡ್ತೀರಾ?' ನಾನು ಮೇಷ್ಟರ ಜಾಗದಲ್ಲಿ ನಿಂತು ಹೇಳುತ್ತಿದ್ದೇನೆ, ಇಂಥ ಪ್ರಶ್ನೆ ಕೇಳಿದ ವಿದ್ಯಾರ್ಥಿಯನ್ನು ನಾವು ದಡ್ಡರು ಅಂದುಕೊಳ್ಳುವುದಿಲ್ಲ, ಕುರ್ಚಿ ಎಳೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇವೆ. ಮೊದಲು ಆ ಇಂಟರ್ನಲ್ ಪ್ರಶ್ನೆಪತ್ರಿಕೆಯನ್ನೇ ಎತ್ತಿಕೊಳ್ಳಿ. ಕಳೆದುಕೊಂಡ 15 ಮಾರ್ಕ್ಸ್ ಯಾವ ಯಾವ ಸಾಲಿನಲ್ಲಿ ಹೋಯಿತು ಅಂತ ಟ್ರೇಸ್ ಮಾಡಿ, ಆ ಕಾಗದ ಹಿಡಿದು ಸೋಮವಾರ ನಿಮ್ಮ ಸರ್ ಹತ್ತಿರ ಹೋಗಿ.